ದಿನಬಳಕೆಗೆ ಯಾವ ಕಾರು? ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಖರೀದಿದಾರರಿಗಾಗಿ ವಿದ್ಯುತ್, ಪೆಟ್ರೋಲ್, ಗ್ಯಾಸ್ ಹಾಗೂ ಹೈಬ್ರಿಡ್ ವಾಹನಗಳ ತುಲನಾತ್ಮಕ ವಿಶ್ಲೇಷಣೆ

ಪೀಠಿಕೆ

ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕೃತ ದರಗಳು 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ನಂತರ ಕಾರು ಖರೀದಿಸಬಯಸುವವರ ಲೆಕ್ಕಾಚಾರವು ಗಮನಾರ್ಹವಾಗಿ ಬದಲಾಗಿದೆ. ನಾಲ್ಕು ಮೀಟರ್ ಉದ್ದವನ್ನು ಹಾಗೂ 1200 ಸಿ.ಸಿ. ಎಂಜಿನ್ ಸಾಮರ್ಥ್ಯವನ್ನು ಮೀರದ ಪೆಟ್ರೋಲ್ ಮತ್ತು ಸಿ.ಎನ್.ಜಿ. ಕಾರುಗಳ ಮೇಲೆ ಅದುವರೆಗೆ ಪರಿಹಾರ ಸೆಸ್ ಸೇರಿ ಶೇ. 29ರಷ್ಟಿದ್ದ ತೆರಿಗೆಯು ಶೇ. 18ಕ್ಕೆ ಇಳಿದಿದೆ. ಇದಕ್ಕಿಂತ ದೊಡ್ಡ ಕಾರುಗಳ ಮೇಲಿನ ತೆರಿಗೆ ಶೇ. 40 ಆಗಿದ್ದು, ಪ್ರಸ್ತುತ ಮಾರುಕಟ್ಟೆಯಲ್ಲಿರುವ ಪೂರ್ಣ ಹೈಬ್ರಿಡ್ ಕಾರುಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ವಿದ್ಯುತ್ ಚಾಲಿತ ವಾಹನಗಳ ತೆರಿಗೆ 2019ರ ಆಗಸ್ಟ್ 1ರಂದು ಶೇ. 12ರಿಂದ ಶೇ. 5ಕ್ಕೆ ಇಳಿದಿತ್ತು, 2025ರ ಪರಿಷ್ಕರಣೆಯಲ್ಲಿ ಅದನ್ನು ಬದಲಿಸಲಿಲ್ಲ. ಅಂದರೆ ವಿದ್ಯುತ್ ಕಾರಿನ ಬೆಲೆ ಇದ್ದಲ್ಲಿಯೇ ಉಳಿದು, ಅದರ ಪ್ರತಿಸ್ಪರ್ಧಿಯಾದ ಸಣ್ಣ ಪೆಟ್ರೋಲ್ ಕಾರಿನ ಬೆಲೆ ಇಳಿಯಿತು.

ನೋಂದಣಿ ಸಂಖ್ಯೆಯಲ್ಲಿ ಕೆಎ 24 ಎಂಬ ಗುರುತು ಹೊಂದಿರುವ ಬೈಲಹೊಂಗಲ ಸಾರಿಗೆ ಕಚೇರಿಯ ವ್ಯಾಪ್ತಿಯ ನಾಲ್ಕು ತಾಲ್ಲೂಕುಗಳ ನಾಗರಿಕರು ಕೇಳುವ ಪ್ರಶ್ನೆ ಸರಳವಾದುದು: ದಿನನಿತ್ಯದ ಓಡಾಟಕ್ಕೆ ಯಾವ ಕಾರು ಲಾಭದಾಯಕ? ಇದಕ್ಕೆ ದೊರೆಯುವ ಉತ್ತರಗಳು ಬಹುಮಟ್ಟಿಗೆ ಬೆಂಗಳೂರು, ಪುಣೆಯಂತಹ ನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಅಲ್ಲಿನ ಓಡಾಟದ ರೀತಿ ಬೇರೆ, ನಮ್ಮದು ಬೇರೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಈ ನಾಲ್ಕು ತಾಲ್ಲೂಕುಗಳ ರಸ್ತೆ, ದೂರ ಮತ್ತು ವಿದ್ಯುತ್ ಸಂಪರ್ಕಗಳನ್ನು ಆಧಾರವಾಗಿಟ್ಟುಕೊಂಡು ವಿಷಯವನ್ನು ಪರಿಶೀಲಿಸಲಾಗಿದೆ.

ಮೊದಲಿಗೆ ಪದಗಳ ಸ್ಪಷ್ಟನೆ

ನಮ್ಮ ಭಾಗದಲ್ಲಿ "ಗ್ಯಾಸ್ ಗಾಡಿ" ಎಂದರೆ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಅನಿಲದಿಂದ ಓಡುವ ವಾಹನ ಎಂದರ್ಥ. ಅಮೆರಿಕದಲ್ಲಿ ಪೆಟ್ರೋಲನ್ನೇ ಗ್ಯಾಸ್ ಎನ್ನುವ ರೂಢಿಯಿರುವುದರಿಂದ, ಅಲ್ಲಿನ ಹೋಲಿಕೆಗಳನ್ನು ಓದುವವರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು. ಇಲ್ಲಿ ಪೆಟ್ರೋಲ್ ಮತ್ತು ಸಿ.ಎನ್.ಜಿ.ಗಳನ್ನು ಬೇರೆ ಬೇರೆಯಾಗಿಯೇ ಪರಿಗಣಿಸಲಾಗಿದೆ. ಮನೆಬಳಕೆಯ ಎಲ್.ಪಿ.ಜಿ. ಸಿಲಿಂಡರಿನಿಂದ ವ್ಯಾನುಗಳಿಗೆ ಅನಿಲ ತುಂಬಿಸುವ ಅಭ್ಯಾಸವು ಅಪಾಯಕಾರಿಯಾದುದು ಮತ್ತು ಕಾನೂನುಬಾಹಿರವಾದುದು. ಅದು ಎಷ್ಟೇ ಅಗ್ಗವಾಗಿ ಕಂಡರೂ ಯಾವ ಹೋಲಿಕೆಯಲ್ಲಿಯೂ ಸೇರಿಸಲರ್ಹವಲ್ಲ.

ಹೈಬ್ರಿಡ್ ಎಂಬ ಪದದ ಬಗ್ಗೆ ಹೆಚ್ಚಿನ ಎಚ್ಚರಿಕೆ ಅಗತ್ಯ. ಪೂರ್ಣ ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ, ಸ್ವಲ್ಪ ದೂರವಾದರೂ ಕಾರನ್ನು ತಾನೊಂದೇ ಎಳೆಯಬಲ್ಲ ವಿದ್ಯುತ್ ಮೋಟಾರು ಇರುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ಮರಳಿಸುತ್ತದೆ. ಇದನ್ನು ಪ್ಲಗ್‌ಗೆ ಜೋಡಿಸುವ ಅಗತ್ಯವಿಲ್ಲ. ಇದಕ್ಕೆ ಭಿನ್ನವಾಗಿ, ಅಲ್ಪ ಹೈಬ್ರಿಡ್ ಕಾರಿನಲ್ಲಿ ಸಣ್ಣ ಮೋಟಾರೊಂದು ಎಂಜಿನ್‌ಗೆ ನೆರವು ನೀಡುವುದೇ ಹೊರತು ಕಾರನ್ನು ಓಡಿಸುವುದಿಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಫೇಮ್ ಯೋಜನೆಯ ಸಹಾಯಧನದಿಂದ ಈ ಎರಡನೆಯ ವರ್ಗವನ್ನು 2017ರಲ್ಲಿಯೇ ಕೈಬಿಡಲಾಯಿತು. ಹಳೆಯ ಕಾರು ಮಾರುವವರು ಹಿಂಬದಿಯ ಹೈಬ್ರಿಡ್ ಫಲಕವನ್ನು ತೋರಿಸಿ ಹೆಚ್ಚಿನ ಬೆಲೆ ಕೇಳಿದಲ್ಲಿ, ಅದು ಯಾವ ಬಗೆಯ ಹೈಬ್ರಿಡ್ ಎಂದು ಖಚಿತಪಡಿಸಿಕೊಳ್ಳುವುದು ಸೂಕ್ತ.

ಪ್ರಸಂಗವಶಾತ್ ಒಂದು ಮಾತು. ಪೂರ್ಣ ಹೈಬ್ರಿಡ್ ಕಾರುಗಳನ್ನು ತಯಾರಿಸುವ ಬಿಡದಿಯ ಕಾರ್ಖಾನೆಯ ಹೆಸರಿನಲ್ಲಿರುವ ಕಿರ್ಲೋಸ್ಕರ್ ಎಂಬುದು ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದ್ದು ಸವದತ್ತಿಯ ಸಮೀಪದ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಅವರು ತೆರೆದ ಸೈಕಲ್ ಅಂಗಡಿಯಿಂದಲೇ ಆ ಉದ್ಯಮವು ಬೆಳೆಯಿತು. ವಿದ್ಯುತ್ ಕಾರಿನ ವಿಷಯದಲ್ಲಿಯೂ ಕರ್ನಾಟಕವು ಹಿಂದುಳಿದಿರಲಿಲ್ಲ. ಬೆಂಗಳೂರಿನ ರೇವಾ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು. 2017ರಲ್ಲಿ ದೇಶದಲ್ಲಿಯೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ರಾಜ್ಯವೂ ನಮ್ಮದೇ.

ಲೆಕ್ಕದ ಆಧಾರ

ಮುಂದಿನ ಲೆಕ್ಕಕ್ಕೆ ಕೆಲವು ಸಂಖ್ಯೆಗಳನ್ನು ಹಿಡಿದುಕೊಳ್ಳಲಾಗಿದೆ. ಇವು ಅಧಿಕೃತ ದರಗಳಲ್ಲ. ಓದುಗರು ತಮ್ಮ ಊರಿನ ಅಂದಿನ ದರವನ್ನು ಹಾಕಿ ಪುನಃ ಲೆಕ್ಕ ಮಾಡಿಕೊಳ್ಳಬಹುದು. ಪೆಟ್ರೋಲ್ ಲೀಟರಿಗೆ 103 ರೂ., ಸಿ.ಎನ್.ಜಿ. ಕಿಲೋಗೆ 90 ರೂ., ಮನೆಯ ವಿದ್ಯುತ್ ಯೂನಿಟ್ಟಿಗೆ ತೆರಿಗೆ ಸೇರಿ 7 ರೂ., ಸಾರ್ವಜನಿಕ ವೇಗದ ಚಾರ್ಜಿಂಗ್ ಯೂನಿಟ್ಟಿಗೆ 20 ರೂ. ಎಂದಿರಲಿ. ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ., ಸಿ.ಎನ್.ಜಿ. ಕಾರು ಕಿಲೋಗೆ 24 ಕಿ.ಮೀ. ಮತ್ತು ಪೂರ್ಣ ಹೈಬ್ರಿಡ್ ಲೀಟರಿಗೆ 22 ಕಿ.ಮೀ. ಓಡುವುದೆಂದು ಭಾವಿಸೋಣ. ಸಣ್ಣ ವಿದ್ಯುತ್ ಕಾರು ಬ್ಯಾಟರಿಯಲ್ಲಿರುವ ಪ್ರತಿ ಯೂನಿಟ್ಟಿಗೆ 7 ಕಿ.ಮೀ. ಓಡಿದರೂ, ಚಾರ್ಜ್ ಆಗುವಾಗ ಸ್ವಲ್ಪ ವಿದ್ಯುತ್ ಶಾಖವಾಗಿ ನಷ್ಟವಾಗುವುದರಿಂದ ಮೀಟರಿನಲ್ಲಿ ದಾಖಲಾಗುವ ಯೂನಿಟ್ಟಿಗೆ 6 ಕಿ.ಮೀ. ಎಂದೇ ಹಿಡಿಯಬೇಕು. ತಯಾರಕರ ಜಾಹೀರಾತುಗಳಲ್ಲಿ ಈ ನಷ್ಟದ ಉಲ್ಲೇಖ ಸಾಮಾನ್ಯವಾಗಿ ಇರುವುದಿಲ್ಲ.

ಈ ಪ್ರಕಾರ ಇಂಧನದ ವೆಚ್ಚವು ಪ್ರತಿ ಕಿ.ಮೀ.ಗೆ ಪೆಟ್ರೋಲಿನಲ್ಲಿ 6.44 ರೂ., ಹೈಬ್ರಿಡ್‌ನಲ್ಲಿ 4.68 ರೂ., ಸಿ.ಎನ್.ಜಿ.ಯಲ್ಲಿ 3.75 ರೂ. ಆಗುತ್ತದೆ. ವಿದ್ಯುತ್ ಕಾರಿಗೆ ಮನೆಯಲ್ಲಿ ಚಾರ್ಜ್ ಮಾಡಿದಲ್ಲಿ 1.17 ರೂ., ಹೊರಗೆ ಚಾರ್ಜ್ ಮಾಡಿದಲ್ಲಿ 3.33 ರೂ. ಇಲ್ಲಿಗೇ ನಿಂತರೆ ತೀರ್ಪು ಸ್ಪಷ್ಟವಾಗಿದೆ ಎನಿಸಬಹುದು. ಬಹುತೇಕ ಪ್ರಚಾರವೂ ಇಲ್ಲಿಗೇ ನಿಲ್ಲುತ್ತದೆ. ಆದರೆ ಕಾರನ್ನು ಓಡಿಸುವ ಮೊದಲು ಕೊಳ್ಳಬೇಕು. ಕೊಳ್ಳಲು ಸಾಲ ಬೇಕು. ವಾಣಿಜ್ಯ ವಿಷಯವನ್ನು ಓದಿದವರಿಗೆ ಬಡ್ಡಿಯನ್ನು ಬಿಟ್ಟು ಲೆಕ್ಕ ಮುಗಿಸಲು ಮನಸ್ಸೊಪ್ಪುವುದಿಲ್ಲ.

ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರು ತೆರಿಗೆ, ನೋಂದಣಿ ಎಲ್ಲವೂ ಸೇರಿ 3 ಲಕ್ಷ ರೂ. ಹೆಚ್ಚು ಬೀಳುವುದೆಂದು ಭಾವಿಸೋಣ. ಈ ಹೆಚ್ಚುವರಿ ಮೊತ್ತವನ್ನು ಶೇ. 9ರ ಬಡ್ಡಿಯಲ್ಲಿ ಎಂಟು ವರ್ಷಗಳಿಗೆ ಹಂಚಿದರೆ ಮಾಸಿಕ ಕಂತು ಸುಮಾರು 4,395 ರೂ., ವಾರ್ಷಿಕ ಹೊರೆ ಸುಮಾರು 52,740 ರೂ. ಎಂಟು ವರ್ಷವೆಂದು ಹಿಡಿಯಲು ಕಾರಣವಿದೆ: ಬಹುತೇಕ ತಯಾರಕರು ಬ್ಯಾಟರಿಗೆ ನೀಡುವ ಖಾತರಿ ಎಂಟು ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ. ಪ್ರತಿ ಕಿ.ಮೀ.ಗೆ ಉಳಿತಾಯ 5.27 ರೂ. ಆಗಿರುವುದರಿಂದ, ಈ ಹೊರೆಯನ್ನು ಸರಿದೂಗಿಸಲು ಕಾರು ವರ್ಷಕ್ಕೆ ಸುಮಾರು 10,000 ಕಿ.ಮೀ. ಓಡಬೇಕು. ತಿಂಗಳಿಗೆ 25 ದಿನಗಳಂತೆ ದಿನಕ್ಕೆ 33 ಕಿ.ಮೀ. ಅದಕ್ಕಿಂತ ಕಡಿಮೆ ಓಡಿಸುವವರಿಗೆ ವಿದ್ಯುತ್ ಕಾರು ನಷ್ಟ, ಹೆಚ್ಚು ಓಡಿಸುವವರಿಗೆ ಲಾಭ. ಬೆಲೆಯ ವ್ಯತ್ಯಾಸವು ಪ್ರತಿ 30,000 ರೂ. ಹೆಚ್ಚಾದಂತೆ ಈ ಮಿತಿಯು ವರ್ಷಕ್ಕೆ 1,000 ಕಿ.ಮೀ. ಮೇಲೇರುತ್ತದೆ, ಕಡಿಮೆಯಾದಂತೆ ಅಷ್ಟೇ ಕೆಳಗಿಳಿಯುತ್ತದೆ. ಈ ಒಂದು ಸೂತ್ರವನ್ನು ನೆನಪಿಟ್ಟುಕೊಂಡರೆ ಯಾವ ಮಾದರಿಯ ಕಾರಿಗಾದರೂ ಲೆಕ್ಕ ಹಾಕಬಹುದು.

2025ರ ತೆರಿಗೆ ಇಳಿಕೆಯ ಪರಿಣಾಮವೂ ಇದರಿಂದ ತಿಳಿಯುತ್ತದೆ. ತೆರಿಗೆಪೂರ್ವ ಬೆಲೆ 6 ಲಕ್ಷ ರೂ. ಇರುವ ಪೆಟ್ರೋಲ್ ಕಾರಿನ ಜಿ.ಎಸ್.ಟಿ. 66,000 ರೂ. ಇಳಿಯಿತು. ಆ ಮೊತ್ತದ ಮೇಲಿನ ಜೀವಾವಧಿ ತೆರಿಗೆಯೂ ಸೇರಿದರೆ ಖರೀದಿದಾರರಿಗೆ ಉಳಿದದ್ದು ಸುಮಾರು 76,000 ರೂ. ಹಾಗಾಗಿ ಹಿಂದೆ ವರ್ಷಕ್ಕೆ 7,500 ಕಿ.ಮೀ. ಓಡಿಸಿದರೆ ವಿದ್ಯುತ್ ಕಾರಿನ ಹಣ ಹುಟ್ಟುತ್ತಿದ್ದಲ್ಲಿ ಈಗ 10,000 ಕಿ.ಮೀ. ಬೇಕಾಗಿದೆ. ತೆರಿಗೆ ಇಳಿದದ್ದು ಪೆಟ್ರೋಲ್ ಕಾರಿಗೆ; ಅದರ ಫಲವಾಗಿ ವಿದ್ಯುತ್ ಕಾರು ದುಬಾರಿಯಾಗಿ ಕಾಣುತ್ತಿದೆ. ಇದೇ ಅವಧಿಯಲ್ಲಿ ಇತರ ನೆರವುಗಳೂ ಕ್ಷೀಣಿಸಿವೆ. ವಿದ್ಯುತ್ ವಾಹನ ಸಾಲದ ಬಡ್ಡಿಗೆ 1.5 ಲಕ್ಷ ರೂ.ವರೆಗೆ ಆದಾಯ ತೆರಿಗೆ ಕಡಿತ ನೀಡುತ್ತಿದ್ದ 80ಇಇಬಿ ಕಲಮು 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯಿಸುತ್ತದೆ. 2024ರ ಅಕ್ಟೋಬರ್ 1ರಂದು ಆರಂಭವಾದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ದ್ವಿಚಕ್ರ, ತ್ರಿಚಕ್ರ, ಬಸ್, ಲಾರಿ, ಆಂಬುಲೆನ್ಸ್‌ಗಳಿಗೆ ಸ್ಥಾನವಿದ್ದು, ಖಾಸಗಿ ಕಾರಿಗೆ ಸಹಾಯಧನವಿಲ್ಲ. ರಾಜ್ಯದಲ್ಲಿ ವಿದ್ಯುತ್ ವಾಹನಗಳಿಗೆ ಹಲವು ವರ್ಷ ಜೀವಾವಧಿ ತೆರಿಗೆಯಿಂದ ವಿನಾಯಿತಿಯಿತ್ತು. 2024ರಲ್ಲಿ 25 ಲಕ್ಷ ರೂ. ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ತೆರಿಗೆ ವಿಧಿಸಲಾಯಿತು. ಈ ದರಗಳು ಬದಲಾಗುವಂತಹವಾದ್ದರಿಂದ ಮುಂಗಡ ಹಣ ಕಟ್ಟುವ ಮೊದಲು ಅಂದಿನ ದರವನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕು ಊರು, ನಾಲ್ಕು ಲೆಕ್ಕ

ಬೈಲಹೊಂಗಲದಲ್ಲಿ ವಾಸವಿದ್ದು ಪ್ರತಿದಿನ ಬೆಳಗಾವಿಗೆ ಹೋಗಿಬರುವ ಉದ್ಯೋಗಿಯೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕಡೆಗೆ ಸುಮಾರು 45 ಕಿ.ಮೀ., ಹೋಗಿಬರಲು 90 ಕಿ.ಮೀ.; ತಿಂಗಳಿಗೆ 25 ದಿನಗಳಂತೆ ವರ್ಷಕ್ಕೆ 27,000 ಕಿ.ಮೀ. ಪೆಟ್ರೋಲ್ ಕಾರಿಗೆ ಇಂಧನದ ಖರ್ಚು 1,73,800 ರೂ.; ವಿದ್ಯುತ್ ಕಾರಿಗೆ 4,500 ಯೂನಿಟ್, ಅಂದರೆ 31,500 ರೂ. ಉಳಿತಾಯ 1,42,300 ರೂ. ಹೆಚ್ಚುವರಿ ಸಾಲದ ಕಂತು 52,740 ರೂ.ಗಳನ್ನು ಕಳೆದರೂ ವರ್ಷಕ್ಕೆ ಸುಮಾರು 90,000 ರೂ. ಕೈಯಲ್ಲಿ ಉಳಿಯುತ್ತದೆ. 24 ಯೂನಿಟ್ ಸಾಮರ್ಥ್ಯದ ಸಣ್ಣ ಬ್ಯಾಟರಿಯೂ ವಾಸ್ತವದಲ್ಲಿ 160 ಕಿ.ಮೀ. ಆಸುಪಾಸು ಓಡುವುದರಿಂದ, ರಾತ್ರಿ ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ಸಂಜೆ ನಿಶ್ಚಿಂತೆಯಿಂದ ಮನೆ ಸೇರಬಹುದು. ಇಂತಹವರಿಗೆ ವಿದ್ಯುತ್ ಕಾರಿನಷ್ಟು ಸೂಕ್ತವಾದುದು ಬೇರೊಂದಿಲ್ಲ ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಆದರೆ ರಾಮದುರ್ಗದ ವ್ಯಾಪಾರಿಯೊಬ್ಬರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಂಗಡಿ, ಮನೆ, ಪೇಟೆ ಎಂದು ಊರೊಳಗಿನ ಓಡಾಟ, ತಿಂಗಳಿಗೆ ಒಂದೆರಡು ಬಾರಿ ಪರಸ್ಥಳ, ಒಟ್ಟು 500 ಕಿ.ಮೀ. ಎಂದರೆ ವರ್ಷಕ್ಕೆ 6,000 ಕಿ.ಮೀ. ಪೆಟ್ರೋಲಿನ ಒಟ್ಟು ಖರ್ಚೇ 38,600 ರೂ.; ವಿದ್ಯುತ್ತಿನಲ್ಲಿ 7,000 ರೂ. ಉಳಿತಾಯ 31,600 ರೂ. ಆಗಿದ್ದು, ಕಂತಿನ ಹೊರೆಗಿಂತ 21,000 ರೂ. ಕಡಿಮೆ. ಅಲ್ಲದೆ ಅವರ ಆ ಒಂದೆರಡು ಪ್ರಯಾಣಗಳೇ ಕಷ್ಟದವು. ರಾಮದುರ್ಗದಿಂದ ಬೆಳಗಾವಿಗೆ ನೂರು ಕಿ.ಮೀ.ಗೂ ಹೆಚ್ಚು, ಹೋಗಿಬರಲು ಸಣ್ಣ ಬ್ಯಾಟರಿ ಸಾಲದು. ಬೇಸಿಗೆಯಲ್ಲಿ ಹವಾನಿಯಂತ್ರಣ ಹಾಕಿ ನಾಲ್ಕು ಜನ ಕುಳಿತರೆ ಇನ್ನೂ ಕಡಿಮೆ. ಇವರು ಸಣ್ಣ ಪೆಟ್ರೋಲ್ ಕಾರನ್ನೇ ಕೊಳ್ಳುವುದು ಲೇಸು. ಊರೊಳಗಿನ ಓಡಾಟಕ್ಕೆ ವಿದ್ಯುತ್ ಸ್ಕೂಟರ್ ಒಂದಿದ್ದರೆ ಪೆಟ್ರೋಲ್ ಖರ್ಚು ಮತ್ತಷ್ಟು ಇಳಿಯುತ್ತದೆ.

ಕಿತ್ತೂರು ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿದೆ. ಧಾರವಾಡಕ್ಕೆ ಸುಮಾರು 30 ಕಿ.ಮೀ., ಬೆಳಗಾವಿಗೆ ಸುಮಾರು 50 ಕಿ.ಮೀ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು ಮೊದಲು ಬರುವುದು ಇಂತಹ ಹೆದ್ದಾರಿಯಲ್ಲಿಯೇ. ಆದರೆ ಹೆದ್ದಾರಿಯ ವೇಗಕ್ಕೆ ಬೆಲೆ ತೆರಬೇಕಾಗುತ್ತದೆ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಮಿತವಾಗಿ ಖರ್ಚಾಗುವ ಬ್ಯಾಟರಿಯು 100 ಕಿ.ಮೀ. ವೇಗದಲ್ಲಿ ಗಾಳಿಯ ಪ್ರತಿರೋಧದಿಂದಾಗಿ ಬೇಗನೆ ಬರಿದಾಗುತ್ತದೆ. ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40 ಕಿ.ಮೀ.; ನಿತ್ಯ ಓಡಾಡುವವರಿಗೆ ಬೈಲಹೊಂಗಲದ ಲೆಕ್ಕವೇ ಅನ್ವಯಿಸುತ್ತದೆ. ಯಲ್ಲಮ್ಮನ ಗುಡ್ಡದ ಏರಿನಲ್ಲಿ ಬ್ಯಾಟರಿ ಹೆಚ್ಚು ಖರ್ಚಾದರೂ ಇಳಿಯುವಾಗ ಒಂದಂಶ ಮರಳಿ ಬರುತ್ತದೆ. ಹುಣ್ಣಿಮೆಯ ಜಾತ್ರೆಗಳ ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದರೂ ಮೋಟಾರು ನಿಂತಲ್ಲಿ ಶಕ್ತಿ ವ್ಯಯಿಸುವುದಿಲ್ಲ, ಹವಾನಿಯಂತ್ರಣಕ್ಕಷ್ಟೇ ಖರ್ಚು.

ಇನ್ನು ಹೈಬ್ರಿಡ್. ಇದರ ಗುಣವಿರುವುದು ನಿಂತು ನಿಂತು ಸಾಗುವ ನಗರ ಸಂಚಾರದಲ್ಲಿ. ಸಿಗ್ನಲ್‌ಗಳಿಲ್ಲದ, ಒಂದೇ ವೇಗದಲ್ಲಿ ಸಾಗುವ ನಮ್ಮ ರಸ್ತೆಗಳಲ್ಲಿ ಬ್ರೇಕಿನಿಂದ ಮರಳಿ ಪಡೆಯುವ ಶಕ್ತಿ ಅಲ್ಪ. ಪೂರ್ಣ ಹೈಬ್ರಿಡ್ ಕಾರು ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ 3.5 ಲಕ್ಷ ರೂ. ದುಬಾರಿ ಎಂದೂ, ಆ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಓಡುವುದೆಂದೂ ಹಿಡಿದರೆ, ವರ್ಷಕ್ಕೆ 28,000 ಕಿ.ಮೀ. ಓಡಿಸಿದಲ್ಲಿ ಮಾತ್ರ ಹೆಚ್ಚುವರಿ ಹಣ ಹುಟ್ಟುತ್ತದೆ. ಅಷ್ಟು ಓಡಿಸುವವರಿಗೆ ವಿದ್ಯುತ್ ಕಾರೇ ಮೇಲು. ಆದರೂ ಬೆಂಗಳೂರು, ಮುಂಬಯಿಗಳಿಗೆ ಆಗಾಗ ಹೋಗಬೇಕಾದ, ಒಂದೇ ಕಾರು ಹೊಂದಿರುವ ದೊಡ್ಡ ಕುಟುಂಬಕ್ಕೆ, ಚಾರ್ಜಿಂಗ್‌ಗಾಗಿ ಕಾಯದೆ ದೂರ ಸಾಗುವ ಅನುಕೂಲಕ್ಕಾಗಿ ಹೈಬ್ರಿಡ್ ಒಪ್ಪಬಹುದಾದ ಆಯ್ಕೆ. ಅದನ್ನು ಅನುಕೂಲಕ್ಕಾಗಿ ಕೊಳ್ಳಬೇಕೇ ಹೊರತು ಉಳಿತಾಯಕ್ಕಾಗಿ ಅಲ್ಲ.

ಸಿ.ಎನ್.ಜಿ.ಯನ್ನು ಅನೇಕರು ಲಕ್ಷಿಸುವುದಿಲ್ಲ, ಲಕ್ಷಿಸಬೇಕು. ದಾಭೋಳ-ಬೆಂಗಳೂರು ಅನಿಲ ಕೊಳವೆ ಮಾರ್ಗವು 2013ರಲ್ಲಿ ಲೋಕಾರ್ಪಣೆಗೊಂಡು ಬೆಳಗಾವಿ, ಧಾರವಾಡ ಜಿಲ್ಲೆಗಳ ಮೂಲಕವೇ ಹಾದುಹೋಗುತ್ತದೆ. ಸಿ.ಎನ್.ಜಿ. ಕಾರಿನ ಹೆಚ್ಚುವರಿ ಬೆಲೆ ಸುಮಾರು 95,000 ರೂ. ಎಂದಾದರೆ ವರ್ಷಕ್ಕೆ 6,200 ಕಿ.ಮೀ. ಓಡಿಸಿದರೂ ಹಣ ಹುಟ್ಟುತ್ತದೆ. ವರ್ಷಕ್ಕೆ 14,000 ಕಿ.ಮೀ. ತಲುಪುವವರೆಗೆ ಲೆಕ್ಕದಲ್ಲಿ ಇದು ವಿದ್ಯುತ್ ಕಾರನ್ನೂ ಹಿಂದಿಕ್ಕುತ್ತದೆ. ತೊಡಕು ಬೇರೆಡೆ ಇದೆ. ನಿತ್ಯದ ದಾರಿಯಲ್ಲಿಯೇ ಪಂಪು ಇರಬೇಕು, ಅಲ್ಲಿ ಅನಿಲದ ಒತ್ತಡ ಸಾಕಷ್ಟಿರಬೇಕು, ಸರದಿ ಉದ್ದವಿರಬಾರದು. ಸಾಮಾನಿನ ಜಾಗದಲ್ಲಿ ಸಿಲಿಂಡರ್ ಕುಳಿತಿರುತ್ತದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಜಲಒತ್ತಡ ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಹೊರಗಿನ ಗ್ಯಾರೇಜಿನಲ್ಲಿ ಕಿಟ್ ಅಳವಡಿಸಿಕೊಂಡವರು ಅದನ್ನು ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಿಸದಿದ್ದಲ್ಲಿ, ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೆ ಧಕ್ಕೆಯಾಗುವ ಸಂಭವವಿದೆ.

ಗೃಹಜ್ಯೋತಿ ಮತ್ತು ಮನೆಯ ಮೀಟರ್

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗುತ್ತದೆ. ಅದನ್ನು ಮೀರಿದರೂ ತಿಂಗಳ ಬಳಕೆ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಮಾತ್ರ ಹಣ; 200 ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಪಾವತಿಸಬೇಕು.

ತಿಂಗಳಿಗೆ 80 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಯೊಂದನ್ನು ಊಹಿಸೋಣ. ವರ್ಷಕ್ಕೆ 6,000 ಕಿ.ಮೀ. ಓಡುವ ವಿದ್ಯುತ್ ಕಾರು ಬಂದರೆ ತಿಂಗಳಿಗೆ 83 ಯೂನಿಟ್ ಸೇರಿ 163 ಆಗುತ್ತದೆ. ಯೋಜನೆಯ ಪ್ರಯೋಜನ ಉಳಿಯುತ್ತದೆ. 10,000 ಕಿ.ಮೀ. ಓಡಿಸಿದರೆ 139 ಯೂನಿಟ್ ಸೇರಿ 219 ಆಗಿ, ಹತ್ತೊಂಬತ್ತು ಯೂನಿಟ್ಟಿನ ಸಲುವಾಗಿ ಪ್ರಯೋಜನ ಪೂರ್ತಿ ಕೈತಪ್ಪುತ್ತದೆ. ಅಂದರೆ ಹಿಂದೆ ಉಚಿತವಾಗಿದ್ದ 80 ಯೂನಿಟ್ಟಿಗೂ 560 ರೂ. ಕಟ್ಟಬೇಕು; ನಿಗದಿತ ಶುಲ್ಕ ಬೇರೆ. ವರ್ಷಕ್ಕೆ 6,720 ರೂ. ಈ ಹೊಸ ಖರ್ಚನ್ನು ಸರಿದೂಗಿಸಲು ಇನ್ನೂ 1,300 ಕಿ.ಮೀ. ಓಡಬೇಕು, ಹಾಗಾಗಿ ಲಾಭದ ಮಿತಿ 11,300 ಕಿ.ಮೀ.ಗೆ ಏರುತ್ತದೆ. ಬೈಲಹೊಂಗಲದ ನಮ್ಮ ಉದ್ಯೋಗಿಗೆ ಇದು ದೊಡ್ಡ ಹೊಡೆತವಲ್ಲ. ಅವರ 90,000 ರೂ. ಉಳಿತಾಯ 83,000ಕ್ಕೆ ಇಳಿಯುತ್ತದೆ, ಅಷ್ಟೇ. ತೊಂದರೆಯಾಗುವುದು ಮಧ್ಯಮ ಓಡಾಟದವರಿಗೆ. ಮಾರಾಟ ಮಳಿಗೆಯಲ್ಲಿ ಕೊಡುವ ಉಳಿತಾಯದ ಪಟ್ಟಿಯನ್ನು ನಂಬುವ ಮೊದಲು ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೂಡಿಸಿ ನೋಡುವುದು ಅವಶ್ಯಕ. ವಿದ್ಯುತ್ ವಾಹನ ಚಾರ್ಜಿಂಗ್‌ಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪ್ರತ್ಯೇಕ ದರವರ್ಗವನ್ನೇ ನಿಗದಿಪಡಿಸಿದೆ. ತಮ್ಮ ಮನೆಗೆ ಪ್ರತ್ಯೇಕ ಮೀಟರ್ ಪಡೆಯಲು ಸಾಧ್ಯವೇ, ಅದರ ನಿಗದಿತ ಶುಲ್ಕವೆಷ್ಟು ಎಂಬುದನ್ನು ಹೆಸ್ಕಾಂನ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ ಎರಡನ್ನೂ ಹೋಲಿಸಬಹುದು.

ಮತ್ತೊಂದು ವಿಷಯ ಮಂಜೂರಾದ ವಿದ್ಯುತ್ ಹೊರೆ. ನಮ್ಮ ಊರುಗಳ ಅನೇಕ ಹಳೆಯ ಮನೆಗಳಿಗೆ ಮಂಜೂರಾಗಿರುವುದು ಒಂದು ಅಥವಾ ಎರಡು ಕಿಲೋವ್ಯಾಟ್. 15 ಆಂಪಿಯರ್ ಸಾಕೆಟ್ಟಿನಿಂದ ಚಾರ್ಜ್ ಮಾಡಿದರೂ ಕಾರು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ, ಅದೂ ಏಳೆಂಟು ಗಂಟೆಗಳ ಕಾಲ ಒಂದೇ ಸಮನೆ. ಹೊರೆಯನ್ನು ಹೆಚ್ಚಿಸಿಕೊಳ್ಳದೆ, ಅರ್ಥಿಂಗ್ ಸರಿಪಡಿಸದೆ, ಕಿಟಕಿಯಿಂದ ಸಾಮಾನ್ಯ ಎಕ್ಸ್‌ಟೆನ್ಷನ್ ವೈರ್ ಎಳೆದು ಚಾರ್ಜ್ ಮಾಡುವುದು ಅಗ್ನಿ ಅನಾಹುತಕ್ಕೆ ದಾರಿ.

ಊರಿನಿಂದ ದೂರದ ತೋಟದ ಮನೆಗಳಲ್ಲಿ ವಾಸಿಸುವ ರೈತ ಕುಟುಂಬಗಳ ಪರಿಸ್ಥಿತಿ ಮತ್ತೂ ಭಿನ್ನ. ನಿರಂತರ ಜ್ಯೋತಿ ಯೋಜನೆಯಡಿ ಗ್ರಾಮಗಳ ಮನೆಬಳಕೆಯ ಮಾರ್ಗವನ್ನು ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸಲಾಗಿದ್ದರೂ, ಹೊಲದ ನಡುವಿನ ಮನೆಗಳು ಪಂಪ್‌ಸೆಟ್ ಮಾರ್ಗವನ್ನೇ ಅವಲಂಬಿಸಿರುವುದುಂಟು. ಅಲ್ಲಿ ರಾತ್ರಿಯಿಡೀ ಸ್ಥಿರವಾದ ವಿದ್ಯುತ್ ದೊರೆಯುವ ಭರವಸೆಯಿಲ್ಲದಿದ್ದಲ್ಲಿ ವಿದ್ಯುತ್ ಕಾರನ್ನು ಮನೆಯ ಏಕೈಕ ವಾಹನವಾಗಿ ಇಟ್ಟುಕೊಳ್ಳಬಾರದು. ಮಧ್ಯರಾತ್ರಿ ಹೆರಿಗೆ ನೋವೋ ಎದೆನೋವೋ ಕಾಣಿಸಿಕೊಂಡು ಬೆಳಗಾವಿ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೆ ಧಾವಿಸಬೇಕಾದಾಗ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದೇ ಮುಖ್ಯವಾಗುತ್ತದೆ. ವಿದ್ಯುತ್ ಕಾರು ಹೊಂದಿರುವ ಯಾರೇ ಆಗಲಿ, ಹತ್ತಿರದ ದೊಡ್ಡ ಆಸ್ಪತ್ರೆ ತಲುಪುವಷ್ಟು ಚಾರ್ಜ್ ಕೆಳಗಿಳಿಯದಂತೆ ನೋಡಿಕೊಳ್ಳುವುದು ಕ್ಷೇಮ. ಪೆಟ್ರೋಲ್ ಐದು ನಿಮಿಷದಲ್ಲಿ ತುಂಬುತ್ತದೆ.

ಮನೆಯಲ್ಲಿ ಚಾರ್ಜ್ ಮಾಡುವ ಸೌಲಭ್ಯವೇ ಇಲ್ಲದವರು, ಅಂದರೆ ಬಾಡಿಗೆ ಮನೆಯಲ್ಲಿದ್ದು ಕಾರನ್ನು ರಸ್ತೆಯಲ್ಲಿ ನಿಲ್ಲಿಸುವವರು, ಸದ್ಯಕ್ಕೆ ವಿದ್ಯುತ್ ಕಾರಿನ ಯೋಚನೆಯನ್ನು ಮುಂದೂಡುವುದೇ ಸೂಕ್ತ. ಸಾರ್ವಜನಿಕ ಚಾರ್ಜಿಂಗ್ ಮಾತ್ರವೇ ಗತಿಯಾದರೆ ಲಾಭದ ಮಿತಿಯು ವರ್ಷಕ್ಕೆ 17,000 ಕಿ.ಮೀ.ಗೆ ಏರುತ್ತದೆ.

ಪರಿಸರ ಮತ್ತು ಕಬ್ಬು

ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲವೆಂಬುದು ನಿಜ. ಆದರೆ ವಿದ್ಯುತ್ ತಯಾರಾಗುವಲ್ಲಿ ಉಗುಳುತ್ತದೆ. ದೇಶದ ಸರಾಸರಿಯಂತೆ ಒಂದು ಯೂನಿಟ್ ವಿದ್ಯುತ್ತಿಗೆ 0.7 ಕಿಲೋಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ. ಈ ಲೆಕ್ಕದಲ್ಲಿ ಪ್ರತಿ ಕಿ.ಮೀ.ಗೆ ಪೆಟ್ರೋಲ್ ಕಾರು ಸುಮಾರು 144 ಗ್ರಾಂ, ವಿದ್ಯುತ್ ಕಾರು 120 ಗ್ರಾಂ, ಹೈಬ್ರಿಡ್ 105 ಗ್ರಾಂ. ಹೈಬ್ರಿಡ್ ಮುಂದಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಪೆಟ್ರೋಲಿನ ಲೆಕ್ಕ ಹತ್ತು ವರ್ಷದ ನಂತರವೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ವಿದ್ಯುತ್ತಿನದು ಪ್ರತಿವರ್ಷ ಇಳಿಯುತ್ತಿದೆ. ಸವದತ್ತಿ ಭಾಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೌರ ಫಲಕಕ್ಕೆ 78,000 ರೂ. ಸಹಾಯಧನವಿದ್ದು, ಅಂತಹ ಘಟಕವು ತಿಂಗಳಿಗೆ ಉತ್ಪಾದಿಸುವ ಸುಮಾರು 360 ಯೂನಿಟ್, ಬೈಲಹೊಂಗಲ-ಬೆಳಗಾವಿ ನಿತ್ಯ ಪ್ರಯಾಣಕ್ಕೆ ಬೇಕಾಗುವ 375 ಯೂನಿಟ್ಟಿಗೆ ಬಹಳ ಸಮೀಪದಲ್ಲಿದೆ.

ಪೆಟ್ರೋಲ್ ಎಂದಾಗ ನಮ್ಮ ಜಿಲ್ಲೆಯ ರೈತನೂ ನೆನಪಾಗಬೇಕು. ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಮಿಶ್ರಣವಾಗುತ್ತಿದ್ದು, ಎಥನಾಲಿಗೆ ಕಬ್ಬು ಒಂದು ಪ್ರಮುಖ ಮೂಲ. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಗಳಂತಹ ಸಕ್ಕರೆ ಕಾರ್ಖಾನೆಗಳ ಊರುಗಳಿರುವ ಈ ಭಾಗದಲ್ಲಿ ಪೆಟ್ರೋಲ್ ಕಾರು ಕೇವಲ ಆಮದು ತೈಲದಿಂದ ಓಡುತ್ತದೆ ಎಂದು ಹೇಳಲಾಗದು. ಅದೇ ವೇಳೆಗೆ, ಎಥನಾಲಿನಲ್ಲಿ ಶಕ್ತಿಯ ಅಂಶ ಕಡಿಮೆ. ಈ ಮಿಶ್ರಣಕ್ಕೆಂದು ವಿನ್ಯಾಸಗೊಳ್ಳದ ಹಳೆಯ ಕಾರುಗಳ ಮೈಲೇಜ್ ಶೇ. 6ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯಲ್ಲಿಯೇ ಅಂದಾಜಿಸಲಾಗಿದೆ. ಹಳೆಯ ಪೆಟ್ರೋಲ್ ಕಾರು ಕೊಳ್ಳುವವರು ಅದು ಈ ಇಂಧನಕ್ಕೆ ಯೋಗ್ಯವೇ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡತಕ್ಕದ್ದು.

ನೋಂದಣಿ ಮತ್ತು ಇತರ ಮಾಹಿತಿ

ಖಾಸಗಿ ವಿದ್ಯುತ್ ಕಾರಿಗೆ ಹಸಿರು ಫಲಕದ ಮೇಲೆ ಬಿಳಿ ಅಕ್ಷರ, ಬಾಡಿಗೆ ವಾಹನಕ್ಕೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಬ್ಯಾಟರಿ ಚಾಲಿತ ವಾಹನಗಳಿಗೆ ನೋಂದಣಿ ಪ್ರಮಾಣಪತ್ರದ ಶುಲ್ಕದಿಂದ ಕೇಂದ್ರ ಸರ್ಕಾರವು 2021ರಲ್ಲಿ ವಿನಾಯಿತಿ ನೀಡಿದೆ. 2022ರ ಅಧಿಸೂಚನೆಯಂತೆ ಮೂರನೇ ವ್ಯಕ್ತಿ ವಿಮೆಯ ಕಂತಿನಲ್ಲಿ ವಿದ್ಯುತ್ ವಾಹನಕ್ಕೆ ಶೇ. 15, ಹೈಬ್ರಿಡ್‌ಗೆ ಶೇ. 7.5 ರಿಯಾಯಿತಿ ನಿಗದಿಯಾಗಿತ್ತು. ಆದರೆ ವಾಹನದ ಬೆಲೆ ಹೆಚ್ಚಿರುವುದರಿಂದ ಸ್ವಂತ ಹಾನಿಯ ವಿಮೆಯ ಕಂತು ಅಷ್ಟೇ ಹೆಚ್ಚಾಗಿ ಬರುವುದುಂಟು. ಎಂಜಿನ್ ಆಯಿಲ್, ಕ್ಲಚ್ಚುಗಳ ಖರ್ಚಿಲ್ಲದಿದ್ದರೂ ಭಾರದಿಂದಾಗಿ ಟೈರುಗಳು ಬೇಗ ಸವೆಯುತ್ತವೆ. ಪೆಟ್ರೋಲ್ ಕಾರಿನ ದೋಷವನ್ನು ಊರಿನ ಗ್ಯಾರೇಜಿನಲ್ಲಿಯೇ ಸರಿಪಡಿಸಬಹುದು. ವಿದ್ಯುತ್ ಕಾರಿನ ಬ್ಯಾಟರಿ ದೋಷಕ್ಕೆ ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡವನ್ನೇ ಆಶ್ರಯಿಸಬೇಕು.

ಬಳಸಿದ ವಿದ್ಯುತ್ ಕಾರುಗಳು ಈಗ ಕಡಿಮೆ ಬೆಲೆಗೆ ಮಾರಾಟಕ್ಕೆ ಬರುತ್ತಿವೆ. ಇವುಗಳನ್ನು ಕೊಳ್ಳುವವರು ಓಡಿದ ದೂರಕ್ಕಿಂತ ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ಮುಖ್ಯವಾಗಿ ನೋಡಬೇಕು. ತಯಾರಕರ ಅಧಿಕೃತ ಸೇವಾ ಕೇಂದ್ರದಿಂದ ಬ್ಯಾಟರಿ ಆರೋಗ್ಯದ ಲಿಖಿತ ವರದಿಯನ್ನೂ, ಖಾತರಿಯು ಎರಡನೆಯ ಮಾಲೀಕರಿಗೆ ವರ್ಗವಾಗುವ ಬಗ್ಗೆ ಲಿಖಿತ ದೃಢೀಕರಣವನ್ನೂ ಪಡೆದ ನಂತರವೇ ಹಣ ಪಾವತಿಸಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಚಾಲ್ತಿಯಲ್ಲಿರುವ ವಿಮಾ ಪತ್ರ, ಸಾಲವಿದ್ದಲ್ಲಿ ಬ್ಯಾಂಕಿನ ಋಣವಿಮುಕ್ತಿ ದಾಖಲೆ ಹಾಗೂ ನಮೂನೆ 35ರೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು.